ಡಿಬಗರ್ ಮುಂದೆ ಮಾತ್ರ ಸಭ್ಯನಾಗಿದ್ದ ವಿಂಡೋ

ಕೊನೆಗೂ ವಿಂಡೋ ಮುಂದೆ ಬಂತು! ಮೂರು ರಾತ್ರಿ ನಿದ್ದೆಗೆಟ್ಟಿದ್ದಕ್ಕೆ ಸಿಕ್ಕ ಫಲ ಇಷ್ಟೇ.

ನನ್ನ ಫೋಟೊ ವ್ಯೂವರ್‌ದೇ ಕಥೆ. ಎರಡನೇ ಸಲ ಡಬಲ್ ಕ್ಲಿಕ್ ಮಾಡಿದರೆ ಹೊಸ ಕಿಟಕಿ ಏಳದೆ, ಓಡುತ್ತಿರುವ ಆ್ಯಪ್‌ಗೇ ಫೈಲ್ ಹೋಗಬೇಕು. ಮ್ಯೂಟೆಕ್ಸ್ (ಒಂದು ಹೆಸರಿಗೆ ಒಂದೇ ಇರುವ ಗುರುತು) ಕೇಳಿದಾಗ 183 ಎರರ್, ಅಂದರೆ 'ಆಗಲೇ ಇದೆ' ಎಂದು ಬಂತೋ, ಅಣ್ಣ, ಅಂದರೆ ಮೊದಲೇ ಓಡುತ್ತಿರುವ ಪ್ರತಿ, ಆಗಲೇ ಮನೆಯಲ್ಲಿದ್ದಾನೆ. ತಮ್ಮ, ಅಂದರೆ ಹೊಸದಾಗಿ ಎದ್ದ ಪ್ರತಿ, ಇಬ್ಬರ ನಡುವೆ ಸಂದೇಶ ಸಾಗಿಸುವ ಕೊಳವೆಯಾದ ನೇಮ್ಡ್ ಪೈಪ್‌ನಲ್ಲಿ ಫೈಲ್ ಪಾತ್ ಬರೆದು ಜಾಗ ಖಾಲಿ ಮಾಡಬೇಕು. ಮೊದಲು ಒಂದು ರೆಡಿಮೇಡ್ ಲೈಬ್ರರಿ ಹಾಕಿದ್ದೆ. 'ಒಂದೇ ಸಾಲು ಸಾಕು' ಅಂತ ರೀಡ್‌ಮಿಯಲ್ಲಿ ಕೊಚ್ಚಿಕೊಂಡಿತ್ತು. ಫೈಲ್ ಹೆಸರಲ್ಲಿ ಕನ್ನಡ ಕಂಡದ್ದೇ ತಡ, ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಕ್ಕಿತು. ಕಿತ್ತೆಸೆದು ನಾನೇ ಬರೆದೆ.

ಫೈಲ್ ಸರಿಯಾಗಿಯೇ ತೆರೆಯುತ್ತಿತ್ತು. ವಿಂಡೋ ಮಾತ್ರ ಹಿಂದೆಯೇ ಅಡಗಿ, ಟಾಸ್ಕ್‌ಬಾರ್‌ನಲ್ಲಿ ಮಿಣುಕುತ್ತಿತ್ತು. ದೋಷ ಹುಡುಕುವ ಸಾಧನವಾದ ಡಿಬಗರ್ ಹಚ್ಚಿದೆ, ಥಟ್ಟನೆ ಮುಂದೆ ಬಂತು. ಡಿಬಗರ್ ತೆಗೆದೆ, ಮತ್ತೆ ಮಿಣಿಮಿಣಿ. ಟೈಮಿಂಗ್ ಸಮಸ್ಯೆ ಎಂದುಕೊಂಡು ಕಂಡಕಂಡಲ್ಲಿ ಸ್ಲೀಪ್ (ತುಸು ಹೊತ್ತು ಕಾಯುವ ಆಜ್ಞೆ) ತುರುಕಿದೆ. ನಾಚಿಕೆಯಾಗುತ್ತದೆ, ಬಿಡಿ.

ಸೆಟ್‌ಫೋರ್‌ಗ್ರೌಂಡ್‌ವಿಂಡೋ ಎಂಬ, ವಿಂಡೋವನ್ನು ಮುಂದೆ ತರುವ ಫಂಕ್ಷನ್ನಿನ ದಾಖಲೆಯನ್ನು ಪೂರ್ತಿ ಓದಿದಾಗ ತಲೆ ಚಚ್ಚಿಕೊಂಡೆ. ಹಿನ್ನೆಲೆಯಲ್ಲಿರುವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ತಾನಾಗಿ ಮುಂದೆ ನುಗ್ಗಲು ವಿಂಡೋಸ್ ಬಿಡುವುದಿಲ್ಲ. ಪಾಸ್‌ವರ್ಡ್ ಟೈಪ್ ಮಾಡುವಾಗ ಬೇರೊಂದು ಕಿಟಕಿ ಅಡ್ಡ ಬಂದರೆ ಏನಾಗುತ್ತದೆಂದು ನೆನೆಸಿಕೊಂಡರೆ ನ್ಯಾಯವೇ ಅನ್ನಿಸುತ್ತದೆ. ಆದರೆ ವಿನಾಯಿತಿಗಳ ಪಟ್ಟಿಯಲ್ಲಿ ಒಂದು ಹೀಗಿದೆ: ಪ್ರೋಸೆಸ್ ಡಿಬಗ್ ಆಗುತ್ತಿದ್ದರೆ ಅನುಮತಿ ಉಂಟು. ವೈದ್ಯರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುವ ರೋಗಿ!

ಮುಂದೆ ಬರುವ ಹಕ್ಕು ಇದ್ದದ್ದು ಈಗಷ್ಟೇ ಎಕ್ಸ್‌ಪ್ಲೋರರ್‌ನಿಂದ ಹುಟ್ಟಿದ ತಮ್ಮನಿಗೆ. ಅವನು ಅದನ್ನು ಅಣ್ಣನಿಗೆ ಬಿಟ್ಟುಕೊಡಬೇಕು. ಪೈಪ್‌ನ ಆ ತುದಿಯಲ್ಲಿರುವವನ ಪಿಐಡಿ (ಪ್ರೋಸೆಸ್ಸಿನ ಗುರುತಿನ ಸಂಖ್ಯೆ) ಪಡೆದು, ಹಕ್ಕು ದಾಟಿಸುವ ಅಲೌಸೆಟ್‌ಫೋರ್‌ಗ್ರೌಂಡ್‌ವಿಂಡೋ ಕರೆದರಾಯಿತು. ಮೊದಲು ಇದನ್ನು ಪಾತ್ ಕಳಿಸಿದ ಮೇಲೆ ಕರೆದಿದ್ದೆ. ಒಮ್ಮೊಮ್ಮೆ ಅಣ್ಣನೇ ಆತುರಪಟ್ಟು, ಹಕ್ಕು ಕೈಸೇರುವ ಮುಂಚೆಯೇ ಎದ್ದು ಮುಗ್ಗರಿಸುತ್ತಿದ್ದ. ಎರಡು ಸಾಲು ಅದಲುಬದಲು ಮಾಡಿದೆ, ಅಷ್ಟೇ.

ಎಸ್‌ಡಬ್ಲ್ಯೂ ರಿಸ್ಟೋರ್ (ಕಿಟಕಿಯನ್ನು ಮೊದಲಿನ ಗಾತ್ರಕ್ಕೆ ತರುವ ಆಜ್ಞೆ) ಅನ್ನು ಮಿನಿಮೈಸ್ ಆಗಿದ್ದಾಗ ಮಾತ್ರ ಕರೆಯಿರಿ. ಇಲ್ಲದಿದ್ದರೆ ಪರದೆ ತುಂಬ ಇದ್ದ ಕಿಟಕಿ ಕುಗ್ಗಿಬಿಡುತ್ತದೆ.

ಪೈಪ್ ಹೇಗೂ ಇದೆಯಲ್ಲ, ಅದರಲ್ಲಿ 'ಮುಂದಿನದು', 'ಹಿಂದಿನದು' ಎಂಬ ಆಜ್ಞೆಗಳನ್ನೂ ಕಳಿಸಬಹುದು. ಹಳೆಯ ಯುಎಸ್‌ಬಿ ಪೆಡಲ್ ಒಂದಿದೆ. ಕಾಲಲ್ಲೇ ಫೋಟೊ ತಿರುವುವ ಯೋಜನೆ ಆಗಲೇ ತಲೆಯಲ್ಲಿ ಕುಣಿಯುತ್ತಿದೆ.

ಆ ಹುಮ್ಮಸ್ಸಿನಲ್ಲೇ 10 ಫೋಟೊ ಆರಿಸಿ ಎಂಟರ್ ಒತ್ತಿದೆ. ಹತ್ತು ತಮ್ಮಂದಿರು, ಒಂದೇ ಬಾಗಿಲು. ತೆರೆದದ್ದು ಏಳು, ಉಳಿದ ಮೂವರು 231 ಎರರ್ ಹಿಡಿದು ಹೊರಗೇ ನಿಂತಿದ್ದಾರೆ: ಪೈಪ್ ಬ್ಯುಸಿ.