ಜರ್ಮನಿಯಲ್ಲಿ ಓದು ಫ್ರೀಯಂತಲ್ಲ?

"ಜರ್ಮನಿಯಲ್ಲಿ ಓದು ಫ್ರೀಯಂತಲ್ಲ, ನಮ್ಮ ಹುಡುಗನಿಗೂ ಸ್ವಲ್ಪ ಗೈಡ್ ಮಾಡಪ್ಪಾ."

ರಜೆಗೆ ಊರಿಗೆ ಬಂದು ಇಪ್ಪತ್ತು ದಿನ ಆಯಿತು. ಇಷ್ಟರಲ್ಲಿ ಈ ಮಾತು ಹದಿನಾಲ್ಕು ಜನರ ಬಾಯಲ್ಲಿ ಕೇಳಿದ್ದೇನೆ. ಮೊದಲ ನಾಲ್ಕು ಜನಕ್ಕೆ ಕೂತು ಸಮಾಧಾನವಾಗಿ ಹೇಳಿದೆ. ಐದನೆಯವರಿಗೆ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದು ಕಳಿಸಿದೆ. ಅವರು ಅದನ್ನು ಓದದೆ ಫೋನ್ ಮಾಡಿ, "ಮೆಸೇಜ್ ನೋಡ್ದೆ, ಒಂದ್ಸಲ ಬಾಯಲ್ಲಿ ಹೇಳ್ಬಿಡು" ಅಂದರು. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ನನ್ನ ತಲೆ ಪೂರ್ತಿ ಕೆಟ್ಟಿದ್ದು ತಿಪಟೂರಿನ ಒಂದು ಗೃಹಪ್ರವೇಶದಲ್ಲಿ. ದೊಡ್ಡಮ್ಮನ ಬೀಗರು, ಕೊಬ್ಬರಿ ವ್ಯಾಪಾರಸ್ಥರು, ಪಂಕ್ತಿಯಲ್ಲಿ ಹುಡುಕಿಕೊಂಡು ಬಂದು ನನ್ನ ಪಕ್ಕದ ಎಲೆಗೇ ಕೂತರು. ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಲ್ಲಪ್ಪಾ, ಫ್ರೀಯಾಗಿ ಓದಿಸ್ತಾರೆ ಅಂದ್ರೆ ಅವರಿಗೇನು ಲಾಭ?" ಅಂದರು. ವ್ಯಾಪಾರಸ್ಥರ ಪ್ರಶ್ನೆ, ನ್ಯಾಯವಾದದ್ದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಕೊಟ್ಟರು: "ಅಲ್ಲಿ ಜನ ಇಲ್ಲ ಬಿಡು, ಅದಕ್ಕೇ ನಿಮ್ಮಂಥೋರನ್ನ ಕರ್ಕೋತಾರೆ." ಎದುರು ಸಾಲಿನಲ್ಲಿ ಅವರ ಮಗ, ಎಂಜಿನಿಯರಿಂಗ್ ಆರನೇ ಸೆಮ್, ತಲೆ ಬಗ್ಗಿಸಿಕೊಂಡು ಕೋಸಂಬರಿಯಲ್ಲಿ ಏನನ್ನೋ ಹುಡುಕುತ್ತಿದ್ದ.

ಫ್ರೀ ಅಂತೆ. ನಿಮ್ಮಂಥೋರು ಅಂತೆ.

ಸರಿ, ಲೆಕ್ಕ ಹೇಳುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ, ಅಷ್ಟು ನಿಜ. ಎಲ್ಲ ಕಡೆಯೂ ಹಾಗೆ ಅಂದುಕೊಳ್ಳಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದಲೇ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಸೆಮಿಸ್ಟರಿಗೆ 2,000ದಿಂದ 6,000 ಯೂರೋವರೆಗೆ ಕೇಳುತ್ತಿದೆ. ಖಾಸಗಿ ಕಾಲೇಜುಗಳಂತೂ ಮೊದಲಿನಿಂದಲೂ ದುಡ್ಡಿನವೇ. ಕನ್ಸಲ್ಟೆನ್ಸಿಯವರು "ಇಲ್ಲಿ ಸುಲಭವಾಗಿ ಸೀಟು ಸಿಗುತ್ತೆ" ಅಂತ ಅತ್ತ ತಳ್ಳಿದರೆ, ಅವರ ಕಮಿಷನ್ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಇನ್ನು ಹೊರಡುವ ಮುಂಚಿನ ಖರ್ಚು. ನಮ್ಮ ಡಿಗ್ರಿ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್ 2022ರ ನವೆಂಬರಿನಿಂದ ಕಡ್ಡಾಯ, 18,000 ರೂಪಾಯಿ. ಅದು ಬರುವುದು ತಡವಾದರೆ ಮುಂದಿನದೆಲ್ಲ ತಡ, ಹಾಗಾಗಿ ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕಿ. ವೀಸಾಗೆ 75 ಯೂರೋ. ಆಮೇಲೆ ದೊಡ್ಡದು: ಬ್ಲಾಕ್ಡ್ ಅಕೌಂಟ್. ನಾನು 2023ರಲ್ಲಿ ಹೋದಾಗ 11,208 ಯೂರೋ ಇತ್ತು, ಮರುವರ್ಷ 11,904ಕ್ಕೆ ಏರಿಸಿದರು. ಯೂರೋಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ವೀಸಾಗೆ ಮುಂಚೆಯೇ ಇಷ್ಟೂ ಹಣ ತುಂಬಬೇಕು. ಆಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೆ ಬರುತ್ತದೆ.

ಇದನ್ನು ಬೀಗರಿಗೆ ಅರ್ಥ ಮಾಡಿಸಲು ಅವರ ಭಾಷೆಯಲ್ಲೇ ಹೇಳಿದೆ. "ಅಟ್ಟದ ಮೇಲೆ ಕಾಯಿ ಹಾಕಿಡ್ತೀರಲ್ಲ, ಹಾಗೆ. ಕಾಯಿ ನಿಮ್ಮದೇ. ಆದ್ರೆ ಒಣಗಿ ಉಂಡೆ ಕೊಬ್ಬರಿ ಆಗೋವರೆಗೆ ಕೆಳಗಿಳಿಸೋ ಹಾಗಿಲ್ಲ." ಅವರಿಗೆ ತಕ್ಷಣ ಹಿಡಿಯಿತು. "ಅಂದ್ರೆ ದುಡ್ಡು ಹೋಗಲ್ಲ" ಅಂದರು. ಹೋಗುತ್ತದೆ ಸ್ವಾಮಿ, ಹೋಗದೆ ಏನು. ರೂಮಿನ ಬಾಡಿಗೆ, ತಿಂಗಳಿಗೆ ನೂರಿಪ್ಪತ್ತು ಯೂರೋ ದಾಟುವ ಆರೋಗ್ಯ ವಿಮೆ, ಅಕ್ಕಿ ಬೇಳೆ. ಅದರ ಮೇಲೆ 18.36 ಯೂರೋ ರೇಡಿಯೊ-ಟಿವಿ ಶುಲ್ಕ, ಮನೆಯಲ್ಲಿ ಟಿವಿ ಇಲ್ಲದಿದ್ದರೂ. ಅದರ ಕಾಗದ ಜರ್ಮನ್‌ನಲ್ಲಿ ಬಂದಿತ್ತು. ನಾನು ಯಾವುದೋ ಜಾಹೀರಾತು ಅಂತ ಬಿಸಾಕಿದೆ. ಎಂಟು ತಿಂಗಳ ಬಾಕಿ ಒಟ್ಟಿಗೆ ಕಟ್ಟಿದೆ. ಅಲ್ಲಿ ಅಂಚೆಯಲ್ಲಿ ಬಂದ ಯಾವ ಕಾಗದವನ್ನೂ ಓದದೆ ಬಿಸಾಕಬೇಡಿ, ಇದೊಂದನ್ನು ದಯವಿಟ್ಟು ಹೇಳಿಸಿಕೊಳ್ಳಿ.

ರೂಮು: ಅಡ್ಮಿಶನ್ ಪತ್ರ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲಿಗೆ ಅರ್ಜಿ ಹಾಕಿ, ನಾಳೆ ಅನ್ನಬೇಡಿ. "ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ಡೆಪಾಸಿಟ್ ಕಳಿಸಿ, ಕೀ ಅಂಚೆಯಲ್ಲಿ ಬರುತ್ತೆ" ಅನ್ನುವ ಓನರ್ ಸಿಕ್ಕರೆ ಅವನು ಕಳ್ಳ. ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಓನರ್ ಸಹಿ ಹಾಕಿದ ಕಾಗದ ಬೇಕು. ಆ ಕಾಗದ ಕೊಡಲ್ಲ ಅನ್ನುವವನ ಮನೆ ಎಷ್ಟೇ ಅಗ್ಗವಾದರೂ ಬೇಡ. ಪಾರ್ಟ್ ಟೈಮ್ ಕೆಲಸ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ಅದರಲ್ಲಿ ಮನೆಗೆ ದುಡ್ಡು ಕಳಿಸುತ್ತೇನೆ ಅಂದುಕೊಂಡು ವಿಮಾನ ಹತ್ತಬೇಡಿ.

ಕುಕ್ಕರ್ ತಗೊಂಡು ಹೋಗಬೇಕಾ ಅಂತಲೂ ಎಲ್ಲರೂ ಕೇಳುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಹದಿನಾಲ್ಕು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ: ಅಲ್ಲಿ ಫೇಲಾದರೆ ಏನಾಗುತ್ತದೆ?

ನಮ್ಮ ಕಡೆ ಬ್ಯಾಕ್ ಉಳಿದರೆ ಮನೆಯಲ್ಲಿ ಎರಡು ದಿನ ಬೈಗುಳ, ಮುಂದಿನ ಸಲ ಕಟ್ಟಿದರಾಯಿತು. ಅಲ್ಲಿ ಬಹುತೇಕ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋಯಿತೋ, ಕಡ್ಡಾಯ ವಿಷಯವಾಗಿದ್ದರೆ ಕೋರ್ಸಿನಿಂದಲೇ ಹೊರಗೆ. ಜರ್ಮನಿಯ ಬೇರೆ ಊರಿನಲ್ಲಿ ಅದೇ ಕೋರ್ಸಿಗೆ ಸೇರುವ ಬಾಗಿಲೂ ಸಾಮಾನ್ಯವಾಗಿ ಮುಚ್ಚುತ್ತದೆ. ವಿದ್ಯಾರ್ಥಿ ಅನ್ನುವುದೇ ಹೋದ ಮೇಲೆ ವೀಸಾ ಎಲ್ಲಿಯದು? ನನ್ನ ಕೋರ್ಸಿನಲ್ಲಿ ಇಂಟರ್ನಲ್ಸ್ ಇರಲಿಲ್ಲ, ಅಟೆಂಡೆನ್ಸ್ ಇರಲಿಲ್ಲ, ತರಗತಿಗೆ ಯಾಕೆ ಬರಲಿಲ್ಲ ಅಂತ ಕೇಳುವ ಲೆಕ್ಚರರ್ ಇರಲಿಲ್ಲ. ಆರು ತಿಂಗಳ ಓದಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ. ಆ ಪರೀಕ್ಷೆಗೂ ಪೋರ್ಟಲಿನಲ್ಲಿ ಬೇರೆಯಾಗಿ ಹೆಸರು ಹಾಕಿರಬೇಕು, ಮರೆತರೆ ಹಾಲ್‌ಗೆ ಬಿಡುವುದಿಲ್ಲ.

ನಾನಿದ್ದದ್ದು ಕೆಮ್ನಿಟ್ಸ್‌ನಲ್ಲಿ. ಹಿಂದೆ ಕಾರ್ಲ್ ಮಾರ್ಕ್ಸ್ ಹೆಸರಿಟ್ಟಿದ್ದ ಊರು. ಊರ ನಡುವೆ ಇವತ್ತಿಗೂ ಮಾರ್ಕ್ಸ್‌ನ ತಲೆ ಇದೆ. ಬರೀ ತಲೆ, ಏಳು ಮೀಟರ್ ಎತ್ತರ, ನಲವತ್ತು ಟನ್ ತೂಕ. 2024ರ ಮಾರ್ಚ್ ಮೊದಲ ವಾರ, ಆ ತಲೆಯ ಎದುರು ನಿಂತು ಗ್ಲೌಸ್ ಬಿಚ್ಚಿ ಫೋನಿನಲ್ಲಿ ರಿಸಲ್ಟ್ ನೋಡಿದೆ. ಕಂಟ್ರೋಲ್ ಥಿಯರಿ: 5.0.

ಅಲ್ಲಿ ಅಂಕ ನಮಗೆ ತಿರುಗಾಮುರುಗಾ. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹೇಗೋ ಪಾಸು, 5.0 ಅಂದರೆ ಫೇಲು.

ಅಲ್ಲಿ ಸಂಜೆ ನಾಲ್ಕು, ಇಲ್ಲಿ ಎಂಟೂವರೆ. ಅಪ್ಪ ಊಟ ಮುಗಿಸಿ ವಾರ್ತೆ ನೋಡುವ ಹೊತ್ತು. ಫೋನ್ ಮಾಡಿದೆ. ಹೇಳಬೇಕು ಅಂತಲೇ ಮಾಡಿದ್ದು. "ಒಂದು ರಿಸಲ್ಟ್ ಬಂತಪ್ಪಾ, ಐದು ಬಂದಿದೆ" ಅಂದೆ.

"ಹತ್ತಕ್ಕಾ?" ಅಂದರು. ನಾನು ಸುಮ್ಮನಿದ್ದೆ. "ಪರವಾಗಿಲ್ಲ ಬಿಡು, ಹೊಸ ಜಾಗ. ಪಾಸಾದೆಯಲ್ಲ. ಊಟ ಆಯ್ತಾ?"

"ಆಯ್ತು" ಅಂದೆ. ಆಗಿರಲಿಲ್ಲ.

ತಿದ್ದಬಹುದಿತ್ತು. ತಿದ್ದಲಿಲ್ಲ. ತೋಟದ ಮೇಲೆ ಸಾಲ ಎತ್ತಿದ್ದರು, ಅದರ ಕಂತು ಎಷ್ಟು ಅಂತ ನನಗೆ ಬಾಯಿಪಾಠವಾಗಿತ್ತು. ಆಗಸ್ಟಿನಲ್ಲಿ ಎರಡನೇ ಸಲ ಬರೆದೆ, ಮತ್ತೆ 5.0. ಆ ಸಲ ಫೋನೇ ಮಾಡಲಿಲ್ಲ. ಬದಲಿಗೆ ಉತ್ತರಪತ್ರಿಕೆ ನೋಡಲು ಹೋದೆ. ಅಲ್ಲಿ ಅದಕ್ಕೊಂದು ದಿನ ಗೊತ್ತು ಮಾಡುತ್ತಾರೆ, ದುಡ್ಡು ಕೇಳಲಿಲ್ಲ (ಫ್ರೀ ಅಂದರೆ ಇದು ನೋಡಿ). ಮೊದಲ ಸಲ ನಾಚಿಕೆಗೆ ಹೋಗಿರಲಿಲ್ಲ, ದಡ್ಡತನ. ಅಸಿಸ್ಟೆಂಟ್ ಒಬ್ಬರು ಪೆನ್ಸಿಲಿನಲ್ಲಿ ತೋರಿಸಿದರು: ಉತ್ತರ ಸರಿ ಇದ್ದ ಕಡೆಯೂ ನಾನು ಹಂತಗಳನ್ನು ಹಾರಿಸಿದ್ದೆ. ಊರಲ್ಲಿ ಹತ್ತು ವರ್ಷದ ಪ್ರಶ್ನೆಪತ್ರಿಕೆ ಉರು ಹೊಡೆದು ಡಿಸ್ಟಿಂಕ್ಷನ್ ತಗೊಂಡವನಿಗೆ, ಯಾಕೆ ಅಂತ ಬರೆಯುವ ಅಭ್ಯಾಸವೇ ಇರಲಿಲ್ಲ. ಆ ಚಳಿಗಾಲ ಗೋದಾಮಿನ ರಾತ್ರಿ ಪಾಳಿ ಬಿಟ್ಟೆ. ಒಂದೇ ಹೊತ್ತಿಗೆ ಅನ್ನ ಮಾಡಿಟ್ಟುಕೊಂಡು ಎರಡು ದಿನ ತಿಂದೆ.

ಮೂರನೇ ಸಲ 3.7 ಬಂತು. ಲೈಬ್ರರಿ ಮೆಟ್ಟಿಲ ಮೇಲೆ ಕೂತು ಅತ್ತೆ, ಮರೆಮಾಚುವುದು ಏನಿದೆ. ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿ, "ಅಪ್ಪಾ, ಮೂರು ಪಾಯಿಂಟ್ ಏಳು!" ಅಂದೆ.

"ಕಮ್ಮಿ ಆಯ್ತಲ್ಲೋ" ಅಂದರು. "ಹೋದ ವರ್ಷ ಐದು ಇತ್ತು."

ಅಪ್ಪ ಈಗ ಫೋನಿನಲ್ಲಿ ಎಲ್ಲವನ್ನೂ ಓದುತ್ತಾರೆ, ಇದನ್ನೂ ಓದುತ್ತಾರೆ. ಅಪ್ಪಾ, ಅದು ಹತ್ತಕ್ಕೆ ಅಲ್ಲ. ರಾತ್ರಿ ಊಟಕ್ಕೆ ಕೂತಾಗ ಪೂರ್ತಿ ಹೇಳ್ತೀನಿ.

ಬೀಗರ ಮಗನಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ನೇರವಾಗಿ ಅವನೇ ಫೋನ್ ಮಾಡಲಿ. ಅವನ ಅಪ್ಪ ಮಾಡಿದರೆ ಎತ್ತುವುದಿಲ್ಲ.

ಕುಕ್ಕರ್: ತಗೊಂಡು ಹೋಗಿ. ಮೂರು ಲೀಟರಿನದು ಸಾಕು, ಇಂಡಕ್ಷನ್ ತಳದ್ದೇ ಇರಲಿ, ಸೂಟ್‌ಕೇಸಿನಲ್ಲಿ ಅದರ ಹೊಟ್ಟೆಯೊಳಗೆ ಸಾರಿನ ಪುಡಿ ತುಂಬಬಹುದು. ಗ್ಯಾಸ್ಕೆಟ್ ಮಾತ್ರ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ನನ್ನದು ಎರಡನೇ ಸೆಮಿಸ್ಟರಿನಲ್ಲೇ ಸಡಿಲವಾಗಿ, ಮುಚ್ಚಳದ ಸುತ್ತ ಒದ್ದೆ ಬಟ್ಟೆ ಬಿಗಿದು ನಾಲ್ಕು ತಿಂಗಳು ಬೇಳೆ ಬೇಯಿಸಿದ್ದೇನೆ.