ಸರ್ ತರಿಸಿದ ಖಾಲಿ ಸ್ಟ್ರಿಪ್‌ಗಳು

ಎಲ್‌ಎಲ್‌ಬಿ ಕೊನೆಯ ವರ್ಷ. ಪೇಟೆಂಟ್ ಪಾಠ ಶುರುವಾಗುವ ಹಿಂದಿನ ದಿನ ಸರ್, "ನಾಳೆ ಪುಸ್ತಕ ಬೇಡ, ಮನೆಯಿಂದ ಖಾಲಿ ಮಾತ್ರೆ ಸ್ಟ್ರಿಪ್ ತನ್ನಿ" ಅಂದರು. ನಾನು ಅಮ್ಮನ ಶುಗರ್ ಮಾತ್ರೆಯದು ಒಯ್ದೆ, ಮೆಟ್‌ಫಾರ್ಮಿನ್. ಪಕ್ಕದ ಬೆಂಚಿನವನದೂ ಅದೇ ಔಷಧಿ, ಅಷ್ಟೇ ಮಿಲಿಗ್ರಾಂ. ಕಂಪನಿ ಮಾತ್ರ ಬೇರೆ. ಬೆಲೆ ನಮ್ಮದಕ್ಕೇ ಜಾಸ್ತಿ.

"ಕಡಿಮೆಯದ್ದು ತಗೋಬಹುದಿತ್ತಲ್ವಾಮ್ಮಾ?"

"ಡಾಕ್ಟರ್ ಇದನ್ನೇ ಬರೆದಿದ್ದಾರೆ ಸರ್."

"ಹಾಂ, ಅದನ್ನ ಬರ್ಕೋ" ಅಂದರು. ತರಕಾರಿ ಆರಿಸುವವರೂ ನಾವೇ, ದುಡ್ಡು ಕೊಡುವವರೂ ನಾವೇ. ಔಷಧಿ ಆರಿಸುವವರು ಡಾಕ್ಟರು, ದುಡ್ಡು ಕೊಡುವವರು ನಾವು. ಅದಕ್ಕೇ ಹತ್ತು ಕಂಪನಿ ಇದ್ದರೂ ಇಲ್ಲಿ ಪೈಪೋಟಿ ಸೊರಗುತ್ತದೆ. ಪೇಟೆಂಟ್, ಅಂದರೆ ಕಂಡುಹಿಡಿದವರೊಬ್ಬರೇ ಮಾಡಿ ಮಾರುವ ಹಕ್ಕು, ಇದ್ದರಂತೂ ಕಂಪನಿಯೇ ಒಂದು.

ಆಮೇಲೆ ಬೋರ್ಡಿನ ಮೇಲೆ 2,80,428 ಎಂದು ಬರೆದರು. ಕೆಳಗೆ 8,880. ಕಿಡ್ನಿ, ಲಿವರ್ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್‌ನ ಒಂದು ತಿಂಗಳ ಬೆಲೆ ಅದು. ಮೊದಲನೆಯದು ಪೇಟೆಂಟ್ ಹೊಂದಿದ್ದ ಬೇಯರ್ ಕಂಪನಿಯದು. ಎರಡನೆಯದು, 2012ರ ಮಾರ್ಚ್ 9ರಂದು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದವರು ಒಪ್ಪದಿದ್ದರೂ ಅದೇ ಔಷಧಿ ಮಾಡಲು ಬೇರೆಯವರಿಗೆ ಸಿಗುವ ಅನುಮತಿ) ಕೊಟ್ಟಾಗ ಗೊತ್ತುಮಾಡಿದ್ದು. ನಮ್ಮ ದೇಶದಲ್ಲಿ ಅಂಥ ಮೊದಲ ಲೈಸೆನ್ಸ್ ಅದು. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಕೊನೆಗೆ ಗೆಳೆಯನೊಬ್ಬ ಸಿಟ್ಟಿನಿಂದ, "ಹಾಗಾದ್ರೆ ಪೇಟೆಂಟೇ ಬೇಡ ಸರ್" ಅಂದ. ಸರ್ ಒಪ್ಪಲಿಲ್ಲ. "ಕಂಡುಹಿಡಿದವನಿಗೆ ಏನೂ ಸಿಗದಿದ್ರೆ ಮುಂದಿನ ಔಷಧಿ ಎಲ್ಲಿಂದ ಬರುತ್ತಪ್ಪಾ?" ಆ ಲೈಸೆನ್ಸ್ ಕೊಟ್ಟ ಆದೇಶವೂ ಪೇಟೆಂಟನ್ನು ರದ್ದು ಮಾಡಿರಲಿಲ್ಲ. ನ್ಯಾಟ್ಕೋ ತನ್ನ ಮಾರಾಟದ ಮೇಲೆ ಬೇಯರ್‌ಗೆ ಶೇ. 6 ರಾಯಲ್ಟಿ ಕೊಡಬೇಕಿತ್ತು. ಮೇಲ್ಮನವಿಯಲ್ಲಿ ಅದು ಶೇ. 7 ಆಯಿತು. ನನಗೆ ಬೆಲೆ ಇಳಿದದ್ದಕ್ಕಿಂತ ಈ ರಾಯಲ್ಟಿಯೇ ಹೆಚ್ಚು ನೆನಪಿದೆ. ರೋಗಿಯನ್ನೂ ಬಿಡದೆ, ಕಂಡುಹಿಡಿದವರನ್ನೂ ಬಿಡದೆ ಕಾನೂನು ಬರೆಯಬಹುದು ಎಂದು ನಾನು ನಂಬಿದ್ದು ಆ ದಿನ.

ಇಂಥ ಲೈಸೆನ್ಸಿಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 84ರ ಪ್ರಕಾರ ಪೇಟೆಂಟ್ ಸಿಕ್ಕಿ ಮೂರು ವರ್ಷವಾಗಿರಬೇಕು. ಆಮೇಲೂ ವಸ್ತು ಜನರಿಗೆ ಸಾಕಷ್ಟು ಸಿಗದಿದ್ದರೆ, ಕೈಗೆಟುಕುವ ಬೆಲೆಗೆ ಸಿಗದಿದ್ದರೆ, ಅಥವಾ ಪೇಟೆಂಟ್ ಇಲ್ಲಿ ಬಳಕೆಗೇ ಬರದಿದ್ದರೆ, ಬೇರೆಯವರು ಲೈಸೆನ್ಸ್ ಕೇಳಬಹುದು. ಇದೆಲ್ಲ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಪೇಟೆಂಟ್ ಇಲ್ಲಿ ಬಳಕೆಯಲ್ಲಿದೆಯೇ ಎಂದು ತಿಳಿಸುವ ಫಾರಂ 27 ಅನ್ನು ಪೇಟೆಂಟ್ ಇರುವವರು ತುಂಬಿ ಕೊಡಬೇಕು. ಎಷ್ಟೋ ಜನ ಅದನ್ನು ಕೊಡುವುದೇ ಇಲ್ಲ ಎಂದು ಹುಡುಕಿ ತೋರಿಸಿದವರು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದ್ದ ಪ್ರೊ. ಶಮ್ನಾದ್ ಬಷೀರ್. ಇದೇ ವಿಷಯಕ್ಕೆ 2015ರಲ್ಲಿ ದೆಹಲಿ ಹೈಕೋರ್ಟಿಗೂ ಹೋದರು.

ಈಗ ನನ್ನ ಮೇಜಿಗೂ ಫಾರಂ 27 ಬರುತ್ತದೆ. "ಸುಮ್ನೆ ಏನಾದ್ರೂ ಬರೆದುಬಿಡಿ ಮೇಡಂ" ಅನ್ನುವ ಕಕ್ಷಿದಾರರೂ ಇದ್ದಾರೆ. ಮಾರಾಟದ ಲೆಕ್ಕ ತರಿಸಿಕೊಳ್ಳದೆ ನಾನು ಪೆನ್ನು ತೆಗೆಯುವುದಿಲ್ಲ.