ಅನ್ನಮ್ಮನ ಹಬ್ಬದ ದಿನ ಮತ್ತೆ ಅದೇ ಪ್ರಶ್ನೆ

ಜುಲೈ 26, 2025, ಶನಿವಾರ
ವಿರಾಜಪೇಟೆ

ಇವತ್ತು ಯೇಸುವಿನ ಅಜ್ಜಿ, ಅಂದರೆ ಮರಿಯಮ್ಮನ ತಾಯಿ, ಸಂತ ಅನ್ನಮ್ಮನ ಹಬ್ಬ. ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಛತ್ರಿ ಬಿಚ್ಚುವಷ್ಟರಲ್ಲಿ ಆಂಟಿ ಕೈ ಹಿಡಿದುಕೊಂಡರು. "ಏನಮ್ಮಾ, ಇನ್ನೂ ವಿಶೇಷ ಇಲ್ವಾ? ಅನ್ನಮ್ಮನಿಗೆ ಒಂದು ಮೇಣದಬತ್ತಿ ಹಚ್ಚು, ಕೊಟ್ಟೇ ಕೊಡ್ತಾಳೆ." ನಕ್ಕು ಸುಮ್ಮನಾದೆ. ಆಂಟಿ ಕೆಟ್ಟವರಲ್ಲ.

ಸಂಜೆ ಚಿಕ್ಕಮ್ಮನ ಮಗಳು ಎಳೆ ಬಿದಿರಿನ ಕಣಿಲೆ ತಂದಳು. ಕ್ರಿಸ್‌ಮಸ್ ಆದಮೇಲೆ ಅವಳ ಮದುವೆ. ಸಿಪ್ಪೆಯ ಸಣ್ಣ ಮುಳ್ಳುಕೂದಲು ಕೈಗೆ ಚುಚ್ಚುತ್ತದೆ ಅಂತ ಬೈಕೊಂಡೇ ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಹೆಚ್ಚುತ್ತಿದ್ದಳು, ಇದ್ದಕ್ಕಿದ್ದಂತೆ ಕೇಳಿದಳು. "ಅಕ್ಕಾ, ಮದುವೆ ದಿನ ಫಾದರ್ ಕೇಳ್ತಾರಲ್ಲ, ದೇವರು ಕೊಡೋ ಮಕ್ಕಳನ್ನ ಪ್ರೀತಿಯಿಂದ ಸ್ವೀಕರಿಸ್ತೀರಾ ಅಂತ. ಹೂಂ ಅಂತ ಹೇಳಿಬಿಟ್ಟು ಆಮೇಲೆ ಆಗದೇ ಹೋದ್ರೆ?" ಕೇಳಿದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ಕೊಟ್ರೆ ತಗೊಳ್ತೀರಾ ಅಂತ ಕೇಳೋದು ಕಣೇ, ಹೆತ್ತು ತೋರಿಸ್ತೀರಾ ಅಂತ ಅಲ್ಲ" ಅಂದೆ. ವಯಸ್ಸಾದವರ ಮದುವೆಯಲ್ಲಿ ಆ ಪ್ರಶ್ನೆಯನ್ನೇ ಬಿಡಬಹುದು. ಬಂಜೆತನದಿಂದ ಮದುವೆ ಅಸಿಂಧು ಆಗುವುದಿಲ್ಲ ಅಂತ ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲೇ ಇದೆ, 1084ನೇ ನಿಯಮ. ಮಕ್ಕಳು ಮದುವೆಗೆ ಸಿಗುವ ಅತಿ ದೊಡ್ಡ ಕೊಡುಗೆ ಅಂತ 1965ರಲ್ಲಿ ಬಿಷಪ್‌ಗಳ ವ್ಯಾಟಿಕನ್ ಮಹಾಸಭೆ ಹೇಳಿತು, ಅದೇ ಜಾಗದಲ್ಲಿ ಮಕ್ಕಳಿಗಾಗಿ ಮಾತ್ರವೇ ಮದುವೆ ಅಲ್ಲ ಅಂತಲೂ ಹೇಳಿತು. ಮೊದಲನೆಯದು ಎಲ್ಲರ ಬಾಯಲ್ಲೂ ಇದೆ. ಎರಡನೆಯದು ನಾವೇ ಹುಡುಕಿಕೊಂಡು ಹೋಗಿ ಓದಬೇಕು.

ಹಾಗಂತ ನನಗೆ ಆಸೆ ಇಲ್ಲ ಅಂತಲ್ಲ. ಮೇಜಿನ ಸುತ್ತ ಎಣ್ಣೆಮರದ ಸಸಿಗಳ ಹಾಗೆ ಮಕ್ಕಳು ಅಂತ 128ನೇ ಕೀರ್ತನೆಯಲ್ಲಿ ಬರುತ್ತಲ್ಲ, ಅದನ್ನು ಬೇರೆಯವರ ಮದುವೆಯಲ್ಲಿ ಓದುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆಶೀರ್ವಾದವೇ ಅದು. ಆದರೆ ದೇವರು ಕೊಡುವ ವಸ್ತುವಿಗೆ ಊರವರು ಲೆಕ್ಕ ಕೇಳುವುದು ಯಾವ ನ್ಯಾಯ?

ಅನ್ನಮ್ಮನ ಕಥೆ ಬೈಬಲ್‌ನಲ್ಲಿ ಇಲ್ಲ, ಹಳೆಯ ಪರಂಪರೆಯಲ್ಲಿ ಬಂದದ್ದು. ಮಕ್ಕಳಿಲ್ಲದವನು ಮೊದಲು ಕಾಣಿಕೆ ಕೊಡಬಾರದು ಅಂತ ಗಂಡ ಜೋಕಿಂನನ್ನು ತಡೆದರಂತೆ, ಅವನು ಬೇಜಾರಾಗಿ ಮನೆಗೂ ಬಾರದೆ ಕಾಡಿಗೆ ಹೋದ. ಇವಳಿಗೆ ಮನೆಯ ಕೆಲಸದವಳೂ ಚುಚ್ಚಿದಳು. ತೋಟಕ್ಕೆ ಬಂದು ಕೂತರೆ ಮರದಲ್ಲಿ ಗುಬ್ಬಿಗೂಡು ಕಾಣಿಸಿತಂತೆ, ಅಲ್ಲೇ ಅತ್ತಳು. ಕೊನೆಗೆ ಮರಿಯಮ್ಮ ಹುಟ್ಟಿದಳು ಅಂತ ಎಲ್ಲರೂ ಹೇಳುತ್ತಾರೆ, ಆ ಗುಬ್ಬಿಗೂಡನ್ನು ಯಾರೂ ಹೇಳುವುದಿಲ್ಲ. 1792ರಲ್ಲಿ ದೊಡ್ಡ ವೀರರಾಜೇಂದ್ರರ ಕಾಲದಲ್ಲಿ ಶುರುವಾದ ನಮ್ಮ ಚರ್ಚಿಗೆ ಅವಳದೇ ಹೆಸರು. ಅಷ್ಟು ವರ್ಷದಿಂದ ಅವಳ ಹತ್ತಿರ ಎಷ್ಟು ಹೆಂಗಸರು ಅತ್ತಿರಬಹುದೋ. ಆ ಬಾಗಿಲಲ್ಲೇ ನಿಂತು ಅದನ್ನೇ ಕೇಳುತ್ತಾರಲ್ಲ!

ಹುಡುಗಿಯ ಚಿಂತೆ ಮಾತ್ರ ಬೇರೆಯೇ. ಸಾಲ ತೀರುವ ತನಕ ಮಗು ಬೇಡ ಅಂತ ಹುಡುಗ, ಆದಷ್ಟು ಬೇಗ ಆಗಲಿ ಅಂತ ಅವನ ಅಮ್ಮ. 1968ರಲ್ಲಿ ಪೋಪ್ ಆರನೇ ಪೌಲ್ ಬರೆದ ಪತ್ರದ ಪ್ರಕಾರ ಮಾತ್ರೆ ಗೀತ್ರೆ ಬೇಡ, ಸರಿಯಾದ ಕಾರಣ ಇದ್ದರೆ ತಿಂಗಳ ದಿನ ನೋಡಿಕೊಂಡು ಅಂತರ ಇಡಬಹುದು. "ಅಂದ್ರೆ ಸಾಲ ಸರಿಯಾದ ಕಾರಣನಾ ಅಕ್ಕಾ?" ಅಂದಳು. ಎಷ್ಟು ಸಾಲ ಅಂತ ಕೇಳಿದೆ, ಹೇಳಲಿಲ್ಲ. ಅವನ ಹತ್ತಿರ ಒಮ್ಮೆ ಸರಿಯಾಗಿ ಮಾತಾಡಬೇಕು, ಅವನ ಅಮ್ಮ ಇಲ್ಲದಾಗ, ಆದರೆ ಅವರು ಎಲ್ಲಿಗೆ ಹೋಗುತ್ತಾರೆ ಈ ಮಳೆಯಲ್ಲಿ